ಹಲವು ಬ್ಲಾಕ್‌ಗಳ ಅಪಾರ್ಟ್‌ಮೆಂಟಿನಲ್ಲಿ ಜನಮತಗಣನೆ: ಪ್ರಶ್ನೆ ಬರೆಯುವಲ್ಲಿಂದ ಎಣಿಕೆ ಮುಗಿಯುವವರೆಗೆ

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯಗಳು ಪುಟ್ಟ ಒಕ್ಕೂಟ ರಾಜ್ಯಗಳಿದ್ದಂತೆ. ಮೇಲೊಂದು ಅಪೆಕ್ಸ್ ಸಂಘ, ಕೆಳಗೆ ಬ್ಲಾಕಿಗೊಂದು ಸಮಿತಿ. ಒಂದು ಬ್ಲಾಕಿನಲ್ಲಿ ಮುನ್ನೂರು ಮನೆ, ಇನ್ನೊಂದರಲ್ಲಿ ಎಪ್ಪತ್ತು. ನೀರು, ಪಾರ್ಕಿಂಗ್, ಗೇಟು, ಕಾರ್ಪಸ್ ಫಂಡ್ (ಸಂಘದ ಮೂಲನಿಧಿ) ಎಲ್ಲದರಲ್ಲೂ ದೊಡ್ಡ ಬ್ಲಾಕಿನವರು ಹೇಳಿದ್ದೇ ನಡೆಯುತ್ತದೆ ಎಂದು ಸಣ್ಣ ಬ್ಲಾಕಿನವರಿಗೆ ಅಸಮಾಧಾನ. ಎಪ್ಪತ್ತು ಮನೆಯವರಿಗಾಗಿ ಎಲ್ಲರ ಕೆಲಸವೂ ನಿಂತಿದೆ ಎಂದು ದೊಡ್ಡ ಬ್ಲಾಕಿನವರಿಗೆ ಬೇಸರ. ಇದೇ ತೊಡಕನ್ನು ಸ್ವಿಟ್ಜರ್ಲೆಂಡ್ 1848ರಿಂದ, ಆಸ್ಟ್ರೇಲಿಯಾ 1901ರಿಂದ ಇಡೀ ದೇಶದ ಮಟ್ಟದಲ್ಲಿ ನಿಭಾಯಿಸುತ್ತ ಬಂದಿವೆ. ಅವರ ನಿಯಮಗಳಲ್ಲಿ ನಮಗೆ ಒಗ್ಗುವಂಥವನ್ನು ಇಟ್ಟುಕೊಂಡು, ಬ್ಲಾಕ್‌ಗಳ ಒಕ್ಕೂಟದಲ್ಲಿ ಒಂದು ಜನಮತಗಣನೆಯನ್ನು, ಅಂದರೆ ಒಂದು ಪ್ರಶ್ನೆಗೆ ಎಲ್ಲರಿಂದಲೂ ನೇರವಾಗಿ ಮತ ಪಡೆಯುವುದನ್ನು, ಹೇಗೆ ನಡೆಸಬೇಕೆಂದು ಇಲ್ಲಿ ಬರೆದಿದ್ದೇವೆ. ಫಲಿತಾಂಶದ ಬಗ್ಗೆ ಆಮೇಲೆ ಏಳುವ ಜಗಳಗಳು ಬಹುಪಾಲು ಮತದಾನದ ದಿನ ಹುಟ್ಟಿದವಲ್ಲ. ಪ್ರಶ್ನೆ ಬರೆದ ದಿನ ಮತ್ತು ಗೆಲುವಿನ ಗೆರೆ ಎಳೆದ ದಿನವೇ ಹುಟ್ಟಿರುತ್ತವೆ. ಆದ್ದರಿಂದ ಈ ಬರಹದ ಹೆಚ್ಚಿನ ಜಾಗವೂ ಆ ಎರಡಕ್ಕೇ ಮೀಸಲು.

ಲೆಕ್ಕಕ್ಕೆ ಅನುಕೂಲವಾಗಲೆಂದು ಒಂದು ಮಾದರಿ ಇಟ್ಟುಕೊಳ್ಳೋಣ. ಐದು ಬ್ಲಾಕ್, ಒಟ್ಟು 900 ಮನೆ: ಎ 300, ಬಿ 260, ಸಿ 180, ಡಿ 90, ಇ 70. ವಿಷಯ: ಪ್ರತಿ ಮನೆಗೂ ನೀರಿನ ಮೀಟರ್. ಕೇಳಲು ಸರಳ, ಒಳಗೆ ಜಟಿಲ. ಎ ಮತ್ತು ಬಿ ಹೊಸ ಬ್ಲಾಕ್‌ಗಳು, ಪ್ರತಿ ಮನೆಗೆ ನೀರು ಬರುವುದು ಒಂದೇ ಪೈಪಿನಿಂದ. ಸಿ, ಡಿ, ಇ ಹಳೆಯವು. ಅಡುಗೆಮನೆಗೆ ಒಂದು, ಎರಡು ಬಚ್ಚಲಿಗೆ ಎರಡು, ಯುಟಿಲಿಟಿಗೆ ಒಂದು ಎಂದು ಬೇರೆ ಬೇರೆ ಶಾಫ್ಟಿನಿಂದ ನಾಲ್ಕು ಪೈಪು ಇಳಿಯುತ್ತವೆ. ಅಂದರೆ ಅಲ್ಲಿ ಮನೆಗೆ ನಾಲ್ಕು ಮೀಟರ್, ಖರ್ಚೂ ಹೆಚ್ಚುಕಡಿಮೆ ನಾಲ್ಕು ಪಟ್ಟು. ಪ್ರಶ್ನೆ ಎಲ್ಲರಿಗೂ ಒಂದೇ, ಹೊರೆ ಒಂದೇ ಅಲ್ಲ. ಒಕ್ಕೂಟದಲ್ಲಿ ಜನಮತಗಣನೆ ಕಷ್ಟವಾಗುವುದು ಇಂಥ ಕಡೆಯೇ.

ಮೊದಲು ಬೈಲಾ ತೆಗೆದು ಓದಿ

ಭಾರತದ ಸಂವಿಧಾನದಲ್ಲಿ ರಾಷ್ಟ್ರಮಟ್ಟದ ಜನಮತಗಣನೆಗೆ ದಾರಿಯಿಲ್ಲ. ಒಕ್ಕೂಟ ವ್ಯವಸ್ಥೆಯನ್ನು ಮುಟ್ಟುವ ತಿದ್ದುಪಡಿಗೆ 368ನೇ ವಿಧಿಯ ಪ್ರಕಾರ ಸಂಸತ್ತಿನ ವಿಶೇಷ ಬಹುಮತದ ಜೊತೆಗೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳ ಒಪ್ಪಿಗೆಯೂ ಬೇಕು, ಆದರೆ ಅಲ್ಲಿ ಮತ ಹಾಕುವವರು ಶಾಸಕರು. ಸ್ವಾತಂತ್ರ್ಯಾನಂತರ ಒಂದು ಪ್ರದೇಶದ ಜನರನ್ನೇ ನೇರವಾಗಿ ಕೇಳಿದ್ದು ಅಪರೂಪ. ಉದಾಹರಣೆಗೆ 1948ರಲ್ಲಿ ಜುನಾಗಢ, 1967ರಲ್ಲಿ ಗೋವಾ, 1975ರಲ್ಲಿ ಸಿಕ್ಕಿಂ.

ಅಪಾರ್ಟ್‌ಮೆಂಟಿನ ಜನಮತಗಣನೆಗೂ ತನ್ನಷ್ಟಕ್ಕೆ ಕಾನೂನಿನ ಬಲವಿಲ್ಲ. ಬಲ ಬರುವುದು ಫಲಿತಾಂಶವನ್ನು ಸಾಮಾನ್ಯ ಸಭೆಯಲ್ಲಿ ಠರಾವಾಗಿ ಅಂಗೀಕರಿಸಿದಾಗ. ಆದ್ದರಿಂದ ಎರಡು ಸಭೆ ಬೇಕು. ಮೊದಲನೆಯದರಲ್ಲಿ ನಿಯಮಾವಳಿಯನ್ನು ಒಪ್ಪಿಕೊಂಡು, ಅದರ ಪ್ರಕಾರ ಬಂದ ಫಲಿತಾಂಶಕ್ಕೆ ಸಂಘ ಬದ್ಧ ಎಂದು ಬರೆದುಕೊಳ್ಳಬೇಕು. ಎರಡನೆಯದರಲ್ಲಿ ಫಲಿತಾಂಶವನ್ನು ಠರಾವು ಮಾಡಬೇಕು. ನಿಯಮ ಒಪ್ಪುವ ಸಭೆಯ ಹೊತ್ತಿಗೆ ಪ್ರಶ್ನೆ ಇನ್ನೂ ಮೇಜಿನ ಮೇಲೆ ಬಂದಿರಬಾರದು. ಬಂದಿದ್ದರೆ ಪ್ರತಿಯೊಬ್ಬರೂ ತಮ್ಮ ಕಡೆ ಗೆಲ್ಲುವಂಥ ನಿಯಮವನ್ನೇ ಕೇಳುತ್ತಾರೆ.

ಬೈಲಾದಲ್ಲಿ ನೋಡಬೇಕಾದದ್ದು ಮೂರು. ಮತ ಮನೆಗೊಂದೋ, ಅಥವಾ ಪ್ರತಿ ಮನೆಯ ಪಾಲನ್ನು ನಮೂದಿಸಿದ ಕಾನೂನು ಪತ್ರವಾದ ಡಿಕ್ಲರೇಷನ್‌ನಲ್ಲಿ ಹಂಚಿರುವ ಪಾಲಿನ ಪ್ರಕಾರ ತೂಕವಿದೆಯೋ? ಮೇಂಟೆನೆನ್ಸ್ ಬಾಕಿ ಇರುವವರಿಗೆ ಮತವಿದೆಯೋ ಇಲ್ಲವೋ? ಸಾಮಾನ್ಯ ಸಭೆಯ ಕೋರಂ (ಕನಿಷ್ಠ ಹಾಜರಾತಿ) ಎಷ್ಟು, ನೋಟಿಸಿನ ಅವಧಿ ಎಷ್ಟು ದಿನ? ಬಾಡಿಗೆದಾರರ ವಿಷಯವನ್ನು ಬಹಳ ಬೈಲಾಗಳು ಮುಟ್ಟಿಯೇ ಇರುವುದಿಲ್ಲ. ನೀರಿನ ಬಿಲ್ಲು ಕಟ್ಟುವವರು ಅವರೇ ಆದಾಗ ಅವರನ್ನು ಕೇಳದೆ ಇರುವುದು ನ್ಯಾಯವಲ್ಲ ಎಂಬುದು ನಮ್ಮ ಅಭಿಪ್ರಾಯ. ಬೈಲಾ ಅಡ್ಡ ಬಂದರೆ ಬಾಡಿಗೆದಾರರಿಗೆ ಬೇರೆ ಬಣ್ಣದ ಮತಪತ್ರ ಕೊಟ್ಟು, ಅವರ ಅಭಿಪ್ರಾಯವನ್ನು ಪ್ರತ್ಯೇಕವಾಗಿ ಎಣಿಸಿ ಪ್ರಕಟಿಸಿ.

ಸಹಿ ಸಂಗ್ರಹ

ಸ್ವಿಟ್ಜರ್ಲೆಂಡಿನಲ್ಲಿ ಸಂಸತ್ತು ಮಾಡಿದ ಕಾನೂನನ್ನು ಜನರ ಮುಂದೆ ತರಲು 100 ದಿನಗಳಲ್ಲಿ 50 ಸಾವಿರ ಸಹಿ ಬೇಕು. ಸಂವಿಧಾನ ತಿದ್ದುಪಡಿಯನ್ನು ಜನರೇ ಸೂಚಿಸುವುದಾದರೆ 18 ತಿಂಗಳಲ್ಲಿ 1 ಲಕ್ಷ. ಸುಮಾರು 55 ಲಕ್ಷ ಮತದಾರರಲ್ಲಿ ಇವು ಶೇ 1 ಮತ್ತು ಶೇ 2ರ ಒಳಗೇ ಬೀಳುತ್ತವೆ. ನಮಗೆ ಆ ಪ್ರಮಾಣ ಸಾಲದು, 900 ಮನೆಗಳಲ್ಲಿ ಶೇ 1 ಎಂದರೆ ಒಂದು ಮಹಡಿಯ ಒಂಬತ್ತು ಮನೆಯವರು ಸೇರಿದರೆ ಆಯಿತು. ಸಮಿತಿಯ ತೀರ್ಮಾನವನ್ನು ಪ್ರಶ್ನಿಸಲು ಶೇ 5, ಅಂದರೆ 45 ಮನೆ. ಹೊಸ ಪ್ರಸ್ತಾವ ತರಲು ಶೇ 10, ಅಂದರೆ 90 ಮನೆ. ಎರಡಕ್ಕೂ 30 ದಿನ ಸಾಕು. ಕನಿಷ್ಠ ಎರಡು ಬ್ಲಾಕಿನ ಸಹಿ ಇರಲೇಬೇಕೆಂದು ಸೇರಿಸಿ.

ಸಹಿ ಹಾಳೆಯ ಪ್ರತಿ ಪುಟದ ಮೇಲೂ ಪ್ರಸ್ತಾವದ ಪೂರ್ತಿ ಪಠ್ಯ ಅಚ್ಚಾಗಿರಲಿ. ‘ನೀರಿನ ವಿಷಯಕ್ಕೆ ಒಂದು ಸಹಿ ಹಾಕಿ ಸಾರ್’ ಎಂದು ಖಾಲಿ ಹಾಳೆಗೆ ಪಡೆದ ಸಹಿ ಬೆಲೆಯಿಲ್ಲದ್ದು. ಒಂದು ಹಾಳೆಯಲ್ಲಿ ಒಂದೇ ಬ್ಲಾಕಿನವರು ಇರಲಿ. ಸ್ವಿಸ್ ಪದ್ಧತಿಯಲ್ಲೂ ಒಂದು ಹಾಳೆ ಒಂದೇ ಪುರಸಭೆಯವರದ್ದು, ಏಕೆಂದರೆ ಸಹಿಗಳನ್ನು ತಾಳೆ ನೋಡಿ ದೃಢೀಕರಿಸುವುದು ಆ ಪುರಸಭೆಯೇ. 90 ಬೇಕಾದಲ್ಲಿ 105 ತನ್ನಿ. ಒಂದೇ ಮನೆಯಿಂದ ಗಂಡ ಹೆಂಡತಿ ಇಬ್ಬರೂ ಹಾಕಿರುತ್ತಾರೆ, ಮನೆ ನಂಬರು ತಪ್ಪಿರುತ್ತದೆ, ಹತ್ತಿಪ್ಪತ್ತು ಕಳೆದುಹೋಗುವುದು ಸಹಜ. ಸೆಕ್ಯುರಿಟಿಯವರಿಂದಾಗಲಿ ಫೆಸಿಲಿಟಿ ಸಿಬ್ಬಂದಿಯಿಂದಾಗಲಿ ಸಹಿ ತರಿಸಬೇಡಿ. ಸಹಿಗೆ ಇಷ್ಟೆಂದು ದುಡ್ಡು ಕೊಟ್ಟು ಸಂಗ್ರಹಿಸಿದ ಪಟ್ಟಿಗಳಲ್ಲಿ ನಕಲಿ ಸಹಿಗಳಿವೆ ಎಂಬ ಶಂಕೆ 2024ರಲ್ಲಿ ಸ್ವಿಟ್ಜರ್ಲೆಂಡನ್ನೇ ಕಳವಳಕ್ಕೆ ತಳ್ಳಿತ್ತು.

ಪ್ರಶ್ನೆ ಬರೆಯುವುದು

ಇದಕ್ಕೆ ಒಂದು ಇಡೀ ಸಂಜೆ ಕೊಡಿ. ಪರ ಇರುವವರಿಬ್ಬರು, ವಿರೋಧ ಇರುವವರಿಬ್ಬರು, ಎರಡೂ ಅಲ್ಲದ ಒಬ್ಬರು ಕೂತು ಬರೆಯಲಿ.

ಒಂದು ಪ್ರಶ್ನೆಯಲ್ಲಿ ಒಂದೇ ವಿಷಯ. 1975ರ ಏಪ್ರಿಲ್ 14ರಂದು ಸಿಕ್ಕಿಂನಲ್ಲಿ ಚೋಗ್ಯಾಲರ ಅರಸೊತ್ತಿಗೆಯ ರದ್ದತಿ ಮತ್ತು ಭಾರತದ ಘಟಕವಾಗುವುದು ಎರಡನ್ನೂ ಒಂದೇ ವಾಕ್ಯದಲ್ಲಿ ಹೆಣೆದು ಕೇಳಲಾಗಿತ್ತು. ಪರವಾಗಿ 59,637, ವಿರುದ್ಧವಾಗಿ 1,496 ಮತ ಬಿದ್ದವು. ಅರಸೊತ್ತಿಗೆ ಬೇಡ, ಆದರೆ ವಿಲೀನವೂ ಬೇಡ ಎನ್ನುವ ಒಬ್ಬ ವ್ಯಕ್ತಿ ಇದ್ದಿದ್ದರೆ ಆ ಮತಪತ್ರದಲ್ಲಿ ಅವನಿಗೆ ಜಾಗವೇ ಇರಲಿಲ್ಲ. ‘ಮೀಟರ್ ಹಾಕಿಸಿ, ಅದರ ಖರ್ಚನ್ನು ಕಾರ್ಪಸ್ ಫಂಡಿನಿಂದ ತೆಗೆಯಬೇಕೆ?’ ಎಂಬುದೂ ಅದೇ ಜಾತಿಯ ಪ್ರಶ್ನೆ. ಮೀಟರ್ ಒಂದು ಪ್ರಶ್ನೆ, ದುಡ್ಡಿನ ಮೂಲ ಇನ್ನೊಂದು. ವಿಷಯ ಒಂದೇ ಇರಬೇಕೆಂಬ ಈ ನಿಯಮ ಸ್ವಿಸ್ ಸಂವಿಧಾನದಲ್ಲೇ ಇದೆ, ಅದನ್ನು ಮುರಿದ ಪ್ರಸ್ತಾವ ಜನರವರೆಗೆ ಬರುವುದೇ ಇಲ್ಲ.

ಬೇರೆ ಕಾಗದ ಓದಿದರಷ್ಟೇ ಅರ್ಥವಾಗುವಂತೆ ಬರೆಯಬೇಡಿ. ಕೆನಡಾದ ಕ್ವಿಬೆಕ್‌ನಲ್ಲಿ ಕೆನಡಾದಿಂದ ಬೇರೆಯಾಗುವ ಬಗ್ಗೆ 1995ರಲ್ಲಿ ಕೇಳಿದ ಪ್ರಶ್ನೆ ಒಂದು ಮಸೂದೆಯನ್ನೂ ಆ ವರ್ಷದ ಜೂನ್ 12ರ ಒಂದು ಒಪ್ಪಂದವನ್ನೂ ಉಲ್ಲೇಖಿಸಿತ್ತು, ದೇಶ ಬಿಡುತ್ತೇವೆಂಬ ಮಾತು ನೇರವಾಗಿ ಇರಲಿಲ್ಲ. ‘ಬೇಡ’ ಎಂದವರು ಶೇ 50.58. ಅಷ್ಟು ಕೂದಲೆಳೆಯ ಅಂತರ ಮತ್ತು ಅಂಥ ಪ್ರಶ್ನೆ ಎರಡೂ ಸೇರಿದ್ದರಿಂದ, ಪ್ರಶ್ನೆ ಸ್ಪಷ್ಟವಾಗಿರಬೇಕು ಎಂದು ಕೆನಡಾ 2000ದಲ್ಲಿ ಕಾನೂನನ್ನೇ ಮಾಡಿತು.

ಉತ್ತರವನ್ನು ಬಾಯಿಗೆ ಇಡಬೇಡಿ. ಸ್ಕಾಟ್ಲೆಂಡಿನ 2014ರ ಮತದಾನಕ್ಕೆ ಮೊದಲು ಸೂಚಿಸಿದ್ದ ಪ್ರಶ್ನೆ ‘ಒಪ್ಪುತ್ತೀರಾ’ ಎಂದು ಶುರುವಾಗುತ್ತಿತ್ತು. ಅದು ಒಪ್ಪಿಗೆಯ ಕಡೆಗೆ ವಾಲಿಸುತ್ತದೆ ಎಂದು ಚುನಾವಣಾ ಆಯೋಗ ಹೇಳಿದ ಮೇಲೆ ‘ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ?’ ಎಂದು ಬದಲಾಯಿತು.

ಕನ್ನಡದ್ದೇ ಆದ ಒಂದು ಅಪಾಯವೂ ಇದೆ. ‘ಮೀಟರ್ ಬೇಡವೇ?’ ಎಂದು ಕೇಳಿ ನೋಡಿ. ಒಬ್ಬರು ‘ಹೌದು’ ಎಂದರೆ ‘ಹೌದು, ಬೇಡ’ ಎಂದು ಅರ್ಥ. ಪಕ್ಕದವರು ‘ಹೌದು’ ಎಂದರೆ ‘ಬೇಕು’ ಎಂದು ಅರ್ಥ. ಅದಕ್ಕೇ ಮತಪತ್ರದಲ್ಲಿ ಹೌದು, ಇಲ್ಲ ಎಂಬ ಪದಗಳನ್ನೇ ಬಿಟ್ಟು ಉತ್ತರವನ್ನು ಪೂರ್ತಿಯಾಗಿ ಅಚ್ಚು ಹಾಕಿ:

ಪ್ರಶ್ನೆ: ಪ್ರತಿ ಮನೆಗೂ ನೀರಿನ ಮೀಟರ್ ಹಾಕಿಸಬೇಕೆ?
ಉತ್ತರ 1: ಹಾಕಿಸಬೇಕು
ಉತ್ತರ 2: ಹಾಕಿಸುವುದು ಬೇಡ

ಕನ್ನಡದ ಕೆಳಗೆ ಇಂಗ್ಲಿಷ್, ಬೇಕಿದ್ದರೆ ಹಿಂದಿ, ತಮಿಳು, ತೆಲುಗು. ಅನುವಾದವನ್ನು ಮೂಲ ನೋಡಿರದ ಇನ್ನೊಬ್ಬರಿಗೆ ಕೊಟ್ಟು ಕನ್ನಡಕ್ಕೆ ವಾಪಸು ಹೇಳಿಸಿ. ‘ಬೇಕೆ’ ಎಂದಿದ್ದದ್ದು ‘ಕಡ್ಡಾಯ ಮಾಡಬೇಕೆ’ ಎಂದು ತಿರುಗಿ ಬಂದರೆ ಎಲ್ಲೋ ಒಂದು ಪದ ಜಾರಿದೆ. ಓದಲು ಕಷ್ಟವಾಗುವ ಹಿರಿಯರಿಗಾಗಿ ಪ್ರತಿ ಉತ್ತರದ ಪಕ್ಕ ಒಂದು ಚಿಹ್ನೆ ಇಡಬಹುದು. 1967ರ ಜನವರಿ 16ರಂದು ಗೋವಾದಲ್ಲಿ ಮಹಾರಾಷ್ಟ್ರದ ಜೊತೆ ವಿಲೀನಕ್ಕೆ ಹೂವು, ಕೇಂದ್ರಾಡಳಿತ ಪ್ರದೇಶವಾಗಿ ಉಳಿಯುವುದಕ್ಕೆ ಎರಡೆಲೆ ಎಂದು ಚಿಹ್ನೆ ಕೊಟ್ಟಿದ್ದರು. ಎರಡೆಲೆ 34,021 ಮತಗಳಿಂದ ಗೆದ್ದಿತು. ನಮ್ಮಲ್ಲಿ ಮೀಟರಿಗೆ ನಲ್ಲಿಯ ಚಿತ್ರ, ಬೇಡ ಎನ್ನುವುದಕ್ಕೆ ಅದೇ ನಲ್ಲಿಗೆ ಕಾಟು ಹೊಡೆದ ಚಿತ್ರ ಹಾಕುವುದು ತಪ್ಪು. ಕಾಟು ಕಂಡರೆ ಕಣ್ಣಿಗೆ ಅದು ನಿಷೇಧ. ಎರಡೂ ಕಡೆಗೂ ಒಂದೇ ತೂಕದ, ಸಂಬಂಧವಿಲ್ಲದ ಚಿಹ್ನೆ ಇರಲಿ: ತೆಂಗಿನಕಾಯಿ, ಬಾಳೆಎಲೆ.

ಅಂಕಿ ಅಂಶದ ಪುಟ

ಮತದಾನಕ್ಕೆ ಮೂರರಿಂದ ನಾಲ್ಕು ವಾರ ಮುಂಚೆ ಪ್ರತಿ ಮನೆಗೂ ಒಂದು ಕಿರುಪುಸ್ತಿಕೆ ತಲುಪಬೇಕು. ಸ್ವಿಟ್ಜರ್ಲೆಂಡಿನಲ್ಲೂ ಇದೇ ಅವಧಿ. ಆಸ್ಟ್ರೇಲಿಯಾದಲ್ಲಿ ಪರ ವಿರೋಧ ಎರಡೂ ಕಡೆಗೆ ತಲಾ 2,000 ಪದ ಸಿಗುತ್ತದೆ, ನಮಗೆ ತಲಾ 300 ಸಾಕು. ನಡುವೆ ಒಂದೇ ಒಂದು ಪುಟ ಅಂಕಿಗಳದ್ದು: ಬ್ಲಾಕುವಾರು ಮನೆಗೆ ಎಷ್ಟು ಪೈಪು, ಎಷ್ಟು ಮೀಟರ್, ಕೊಟೇಶನ್ ಎಷ್ಟು, ಕಳೆದ 12 ತಿಂಗಳ ಟ್ಯಾಂಕರ್ ಬಿಲ್ಲು, ಕಾವೇರಿ ನೀರಿನ ಬಿಲ್ಲು. ಆ ಪುಟಕ್ಕೆ ಎರಡೂ ಕಡೆಯವರು ಸಹಿ ಹಾಕಲೇಬೇಕು.

ಇದು ಔಪಚಾರಿಕತೆಯಲ್ಲ. 2016ರ ಫೆಬ್ರವರಿಯಲ್ಲಿ ವಿವಾಹಿತರ ತೆರಿಗೆ ಕುರಿತ ಸ್ವಿಸ್ ಮತದಾನಕ್ಕೆ ಮುನ್ನ ಸರ್ಕಾರ, ಇಬ್ಬರೂ ದುಡಿಯುವ ಸುಮಾರು 80 ಸಾವಿರ ದಂಪತಿಗಳಿಗೆ ಅನ್ಯಾಯವಾಗುತ್ತಿದೆ ಎಂದು ಹೇಳಿತ್ತು. ಪ್ರಸ್ತಾವ ಕೂದಲೆಳೆಯಲ್ಲಿ ಸೋತಿತು, ವಿರುದ್ಧ ಬಿದ್ದದ್ದು ಶೇ 50.8. ಆಮೇಲೆ ನೋಡಿದರೆ ನಿಜವಾದ ಸಂಖ್ಯೆ 4 ಲಕ್ಷ 54 ಸಾವಿರ. 2019ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ಮತದಾನವನ್ನೇ ರದ್ದು ಮಾಡಿತು. ಇಡೀ ದೇಶ ಹಾಕಿದ ಮತ ಒಂದು ತಪ್ಪು ಅಂಕಿಯಿಂದ ನೀರುಪಾಲಾಯಿತು. ಟ್ಯಾಂಕರ್ ಬಿಲ್ಲನ್ನು ಬೇಸಿಗೆಯ ಎರಡು ತಿಂಗಳದ್ದೇ ತೋರಿಸಿ ‘ವರ್ಷಕ್ಕೆ ಇಷ್ಟು’ ಎಂದು ಗುಣಿಸುವ ಚಾಳಿ ನಮ್ಮಲ್ಲಿದೆ. ಮಳೆಗಾಲದ ಬಿಲ್ಲೂ ಪಕ್ಕದಲ್ಲಿರಲಿ.

ಗೆಲುವಿನ ಗೆರೆ: ಎರಡು ಎಣಿಕೆ

ಸಂವಿಧಾನ ಬದಲಿಸಲು ಸ್ವಿಸ್ಸರು ಎರಡು ಬಾರಿ ಎಣಿಸುತ್ತಾರೆ. ದೇಶದ ಒಟ್ಟು ಮತದಲ್ಲಿ ಬಹುಮತ, ಜೊತೆಗೆ ಪ್ರಾಂತಗಳಲ್ಲಿಯೂ (ಕ್ಯಾಂಟನ್, ನಮ್ಮ ರಾಜ್ಯಗಳಂಥ ಘಟಕ) ಬಹುಮತ. ಪ್ರಾಂತಗಳು 26, ಅದರಲ್ಲಿ 6 ಅರ್ಧ ಪ್ರಾಂತಗಳು, ಅವಕ್ಕೆ ತಲಾ ಅರ್ಧ ಮತ, ಹಾಗಾಗಿ ಪ್ರಾಂತಮತ 23. ಗೆಲ್ಲಲು 12 ಬೇಕು, ಹನ್ನೊಂದೂವರೆ ಬಂದರೆ ಸೋಲು. ಸುಮಾರು 37 ಸಾವಿರ ಜನರಿರುವ ಉರಿ ಪ್ರಾಂತಕ್ಕೂ 15 ಲಕ್ಷ ದಾಟಿದ ಜ್ಯೂರಿಕ್‌ಗೂ ಒಂದೊಂದೇ ಪ್ರಾಂತಮತ. 2020ರ ನವೆಂಬರ್ 29ರಂದು ಕಂಪನಿಗಳ ಹೊಣೆಗಾರಿಕೆಯ ಪ್ರಸ್ತಾವಕ್ಕೆ ಶೇ 50.7 ಜನ ಒಪ್ಪಿದರೂ ಪ್ರಾಂತಗಳಲ್ಲಿ ಅದು ಬಿದ್ದುಹೋಯಿತು. ಆಸ್ಟ್ರೇಲಿಯಾದಲ್ಲಿ ಒಟ್ಟು ಬಹುಮತದ ಜೊತೆ 6 ರಾಜ್ಯಗಳಲ್ಲಿ 4 ಗೆಲ್ಲಬೇಕು. ಅಲ್ಲಿ ಈವರೆಗೆ ನಡೆದ 45ರಲ್ಲಿ ಗೆದ್ದದ್ದು 8. 1977ರಲ್ಲಿ ಎರಡೂ ಸದನಗಳ ಚುನಾವಣೆ ಒಟ್ಟಿಗೆ ನಡೆಸುವ ಪ್ರಸ್ತಾವ ಶೇ 62 ಮತ ಪಡೆದೂ ಮೂರೇ ರಾಜ್ಯ ಗೆದ್ದು ಸೋತಿತು.

ನಮ್ಮ ಮಾದರಿಗೆ ಹಾಕಿ ನೋಡೋಣ. ಬೇಕು, ಬೇಡ ಕ್ರಮವಾಗಿ: ಎ 190, 50. ಬಿ 150, 60. ಸಿ 60, 80. ಡಿ 20, 50. ಇ 15, 45. ಒಟ್ಟು ಬೇಕು 435, ಬೇಡ 285, ಅಂದರೆ ಶೇ 60.4 ಜನ ಮೀಟರ್ ಪರ. ಬ್ಲಾಕ್ ಲೆಕ್ಕದಲ್ಲಿ 2 ಪರ, 3 ವಿರುದ್ಧ. ಪ್ರಸ್ತಾವ ಸೋತಿತು. ಡಿ ಮತ್ತು ಇ ಸಣ್ಣವೆಂದು ಅವಕ್ಕೆ ಅರ್ಧ ಮತ ಕೊಟ್ಟರೂ 2ಕ್ಕೆ 2 ಸಮ, ಸ್ವಿಸ್ ನಿಯಮದಲ್ಲಿ ಸಮವೆಂದರೆ ಸೋಲೇ.

ಇದು ಅನ್ಯಾಯವೇ? ನಾಲ್ಕು ಪಟ್ಟು ಖರ್ಚು ಬೀಳುವ ಮೂರೂ ಬ್ಲಾಕ್ ಬೇಡ ಎಂದಿವೆ. ಆ ಮೂರನ್ನೂ ಮೀರಿ ಹೋಗದಂತೆ ತಡೆಯಲೆಂದೇ ಈ ಎರಡನೇ ಎಣಿಕೆ ಇರುವುದು. ಆದರೆ ಇದನ್ನು ಎಲ್ಲದಕ್ಕೂ ಹಚ್ಚಿದರೆ ಸಂಘ ಕೈಕಟ್ಟಿ ಕೂರಬೇಕಾಗುತ್ತದೆ. ಸ್ವಿಸ್ಸರು ಮಾಮೂಲಿ ಕಾನೂನಿನ ವಿಷಯದಲ್ಲಿ ಒಟ್ಟು ಬಹುಮತವನ್ನಷ್ಟೇ ನೋಡುತ್ತಾರೆ. ನೀವೂ ಬೈಲಾ ತಿದ್ದುಪಡಿ, ಕಾರ್ಪಸ್ ಫಂಡ್, ಬ್ಲಾಕಿನಿಂದ ಬ್ಲಾಕಿಗೆ ಹೊರೆ ಬದಲಾಗುವ ಕೆಲಸಗಳಿಗೆ ಮಾತ್ರ ಎರಡೆಣಿಕೆ ಇಡಿ. ಬಣ್ಣ ಬಳಿಯುವುದು, ಕ್ಲಬ್‌ಹೌಸ್ ಸಮಯ, ಇವಕ್ಕೆಲ್ಲ ಒಂದೇ ಎಣಿಕೆ ಸಾಕು.

ಮತದಾನದ ಪ್ರಮಾಣಕ್ಕೆ ಕನಿಷ್ಠ ಮಿತಿ ಇಡುವ ಆಸೆ ಬೇಡ. ಇಟಲಿಯಲ್ಲಿ ಕಾನೂನನ್ನು ರದ್ದು ಮಾಡಿಸುವ ಜನಮತಗಣನೆಗೆ ಅರ್ಧಕ್ಕಿಂತ ಹೆಚ್ಚು ಮತದಾರರು ಬರಲೇಬೇಕು, ಹಾಗಾಗಿ ವಿರೋಧಿಗಳು ಮನೆಯಲ್ಲೇ ಕೂತು ಗೆಲ್ಲುತ್ತಾರೆ. 2025ರ ಜೂನ್‌ನಲ್ಲಿ ಸುಮಾರು ಶೇ 30 ಜನ ಬಂದು ಐದೂ ಪ್ರಶ್ನೆ ಅಸಿಂಧುವಾದವು. ಭಯವಿದ್ದರೆ ಬೇರೆ ಥರ ಬರೆಯಿರಿ: ಗೆಲ್ಲಲು ಒಟ್ಟು ಮನೆಗಳ ಕಾಲು ಭಾಗ, ಇಲ್ಲಿ 225 ಮನೆಗಳಾದರೂ ‘ಬೇಕು’ ಎಂದಿರಬೇಕು. ಆಗ ಬರದೆ ಉಳಿದು ಯಾರಿಗೂ ಲಾಭವಿಲ್ಲ.

ಸಮಿತಿಯ ಬದಲಿ ಪ್ರಸ್ತಾವ

ಸಹಿಗಳ ಪರಿಶೀಲನೆ ಒಂದು ವಾರದಲ್ಲಿ ಮುಗಿದ ಮೇಲೆ ಸಮಿತಿಗೆ 14 ದಿನ ಕೊಡಿ. ‘ಮನೆಮನೆಗೆ ಬೇಡ, ಪ್ರತಿ ಬ್ಲಾಕಿನ ಓವರ್‌ಹೆಡ್ ಟ್ಯಾಂಕಿನ ಹೊರಪೈಪಿಗೆ ಒಂದು ದೊಡ್ಡ ಮೀಟರ್ ಹಾಕೋಣ’ ಎಂದು ಅವರು ಹೇಳಬಹುದು. ಹಾಗಾದಾಗ ‘ಇದೋ ಅದೋ’ ಎಂದು ಒಂದೇ ಪ್ರಶ್ನೆ ಕೇಳಿದರೆ ಬದಲಾವಣೆ ಬಯಸುವವರ ಮತ ಒಡೆದು ಎರಡೂ ಸೋಲುತ್ತವೆ. ಸ್ವಿಸ್ಸರು 1987ರಲ್ಲಿ ಇದಕ್ಕೆ ಮದ್ದು ಕಂಡುಕೊಂಡರು, ಮೂರು ಪ್ರಶ್ನೆ. ಮೊದಲನೆಯದು ಬೇಕೆ? ಎರಡನೆಯದು ಬೇಕೆ? ಎರಡೂ ಗೆದ್ದರೆ ಯಾವುದು ಜಾರಿಯಾಗಲಿ? ಎರಡಕ್ಕೂ ‘ಬೇಕು’ ಎನ್ನಬಹುದು, ಎರಡಕ್ಕೂ ‘ಬೇಡ’ ಎಂದವರೂ ಮೂರನೆಯದಕ್ಕೆ ಉತ್ತರಿಸಬಹುದು. ಮೂರನೆಯದನ್ನು ಲೆಕ್ಕಕ್ಕೆ ಹಿಡಿಯುವುದು ಎರಡೂ ಗೆದ್ದಾಗ ಮಾತ್ರ. ಅಲ್ಲಿ ಒಟ್ಟು ಮತ ಒಂದರ ಕಡೆ, ಬ್ಲಾಕ್‌ಗಳು ಇನ್ನೊಂದರ ಕಡೆ ಹೋದರೆ? ಒಟ್ಟು ಮತದ ಶೇಕಡಾವಾರನ್ನೂ ಬ್ಲಾಕ್‌ಮತದ ಶೇಕಡಾವಾರನ್ನೂ ಕೂಡಿಸಿ, ಮೊತ್ತ ಹೆಚ್ಚಿದ್ದದ್ದನ್ನು ಆರಿಸುತ್ತಾರೆ. ಇದನ್ನೂ ಮೊದಲೇ ನಿಯಮಾವಳಿಯಲ್ಲಿ ಬರೆದಿಡಿ.

ಮತದಾನದ ದಿನ

ಒಟ್ಟು ಸುಮಾರು 11 ವಾರದ ಕೆಲಸ. ದಸರಾ, ಯುಗಾದಿ, ಬೇಸಿಗೆ ರಜೆ, ಉದ್ದ ವಾರಾಂತ್ಯ ಇವನ್ನು ಬಿಟ್ಟು ವರ್ಷದ ಆರಂಭದಲ್ಲೇ ಎರಡು ಭಾನುವಾರ ಗೊತ್ತುಮಾಡಿ. ಮತದಾರರ ಪಟ್ಟಿಯನ್ನು 21 ದಿನ ಮುಂಚೆ ಲಿಫ್ಟ್ ಲಾಬಿಯಲ್ಲಿ ಅಂಟಿಸಿ, ಆಕ್ಷೇಪಣೆಗೆ 7 ದಿನ ಕೊಟ್ಟು ಮುಚ್ಚಿಬಿಡಿ.

ಮತಪತ್ರ 950 ಅಚ್ಚು ಹಾಕಿಸಿ, 50ರ 19 ಪುಸ್ತಕ, ಕೌಂಟರ್‌ಫಾಯಿಲ್ ಸಹಿತ. ಕ್ರಮಸಂಖ್ಯೆ ಕೌಂಟರ್‌ಫಾಯಿಲಿನಲ್ಲಿ ಮಾತ್ರ. ಮತಪತ್ರದ ಮೇಲೂ ಬಂದರೆ ಗುಟ್ಟು ಹೋಯಿತು. ಬ್ಲಾಕಿಗೊಂದು ಪೆಟ್ಟಿಗೆ, ಬೆಳಿಗ್ಗೆ 8ಕ್ಕೆ ಎರಡೂ ಕಡೆಯವರಿಗೆ ಖಾಲಿ ತೋರಿಸಿ ಸೀಲ್ ಮಾಡಿ. ಪೆನ್ನಿಗಿಂತ ಮುದ್ರೆ ಒಳ್ಳೆಯದು. ಆಸ್ಟ್ರೇಲಿಯಾದ 2023ರ ಜನಮತದಲ್ಲಿ ಟಿಕ್ ಹಾಕಿದರೆ ‘ಬೇಕು’ ಎಂದು ಎಣಿಸುತ್ತಾರೆ, ಕಾಟು ಹಾಕಿದರೆ ‘ಬೇಡ’ ಎಂದು ಎಣಿಸುವುದಿಲ್ಲ ಎಂಬುದೇ ದೊಡ್ಡ ವಿವಾದವಾಗಿತ್ತು. ಒಂದೇ ಬಗೆಯ ಮುದ್ರೆಯಿದ್ದರೆ ಆ ಮಾತೇ ಬಾರದು. ಮುದ್ರೆಯ ಶಾಯಿ ಆರದೆ ಮಡಚಿದರೆ ಎದುರಿನ ಉತ್ತರದ ಜಾಗಕ್ಕೂ ಅಂಟುತ್ತದೆ, ಆದ್ದರಿಂದ ಎರಡು ಉತ್ತರಗಳನ್ನು ಮೇಲೆ ಕೆಳಗೆ ಅಚ್ಚು ಹಾಕಿ ಉದ್ದಕ್ಕೆ ಮಡಚಲು ಹೇಳಿ. ಸಿಂಧು, ಅಸಿಂಧು ಮತದ ಆರು ನಮೂನೆಗಳನ್ನು ಹಿಂದಿನ ದಿನವೇ ಗೋಡೆಗೆ ಅಂಟಿಸಿ.

ಊರಲ್ಲಿಲ್ಲದ ಮಾಲೀಕರಿಗೆ ಪ್ರಾಕ್ಸಿ (ಅವರ ಪರವಾಗಿ ಬೇರೊಬ್ಬರು ಹಾಕುವ ಮತ) ಬೇಡ, ಹತ್ತಿಪ್ಪತ್ತು ಪ್ರಾಕ್ಸಿ ಒಬ್ಬರ ಕೈಗೆ ಸೇರಿದರೆ ಅದು ಅವರೊಬ್ಬರ ಮತವೇ. ಬೈಲಾ ಅವಕಾಶ ಕೊಟ್ಟರೆ ಸ್ವಿಸ್ ಅಂಚೆ ಮತದಂತೆ ಎರಡು ಲಕೋಟೆ ಮಾಡಿ. ಏನನ್ನೂ ಬರೆಯದ ಒಳಗಿನ ಲಕೋಟೆಯಲ್ಲಿ ಮತಪತ್ರ, ಹೊರಗಿನದರಲ್ಲಿ ಸಹಿ ಹಾಕಿದ ಮತದಾರ ಚೀಟಿ. ಎಣಿಕೆಯ ದಿನ ಚೀಟಿಯನ್ನು ಪಟ್ಟಿಗೆ ತಾಳೆ ನೋಡಿ, ಒಳಗಿನ ಲಕೋಟೆಗಳನ್ನು ತೆರೆಯದೆ ಆಯಾ ಬ್ಲಾಕಿನ ಪೆಟ್ಟಿಗೆಗೆ ಹಾಕಿ, ಆಮೇಲೆ ಎಲ್ಲವನ್ನೂ ಕಲಸಿ ತೆರೆಯಿರಿ.

ಎಣಿಕೆಗೆ ಮೊದಲು ತಾಳೆ: ಕೊಟ್ಟ ಮತಪತ್ರ, ಪೆಟ್ಟಿಗೆಯಲ್ಲಿ ಸಿಕ್ಕದ್ದು, ಹಾಳಾಗಿ ವಾಪಸು ಬಂದದ್ದು ಕೂಡಿ ಬರಬೇಕು. ಬಾರದಿದ್ದರೆ ‘ಬೇಕು’ ‘ಬೇಡ’ ವಿಂಗಡಿಸುವ ಮೊದಲೇ ನಿಲ್ಲಿಸಿ ಹುಡುಕಿ. ವಿಂಗಡಿಸಿದ ಮೇಲೆ ಹುಡುಕಿದರೆ ಯಾರ ಕಣ್ಣಿಗೂ ಅದು ನಿಷ್ಪಕ್ಷಪಾತವಾಗಿ ಕಾಣದು. 25ರ ಕಟ್ಟು ಕಟ್ಟಿ, ಒಬ್ಬರು ಕಟ್ಟಿದ್ದನ್ನು ಎದುರು ಕಡೆಯವರು ಎಣಿಸಲಿ. ಅಂತರ ಶೇ 1ಕ್ಕಿಂತ ಕಡಿಮೆಯಾದರೆ, ಅಥವಾ ಯಾವುದೇ ಬ್ಲಾಕಿನಲ್ಲಿ 5 ಮತದೊಳಗಿದ್ದರೆ, ಯಾರೂ ಕೇಳದೆಯೇ ಮರುಎಣಿಕೆ.

ಮತಕ್ಕೆ ಹಾಕಬಾರದ ವಿಷಯಗಳು

ಮನೆಗೆಲಸದವರು ಯಾವ ಲಿಫ್ಟ್ ಹತ್ತಬೇಕು, ಅವಿವಾಹಿತರಿಗೆ ಮನೆ ಬಾಡಿಗೆಗೆ ಕೊಡಬಹುದೇ, ಯಾರ ಮನೆಯಲ್ಲಿ ಏನು ಅಡುಗೆ ಮಾಡಬೇಕು, ಇಂಥ ಪ್ರಶ್ನೆಗಳು ಎಷ್ಟು ಸಹಿಯೊಂದಿಗೆ ಬಂದರೂ ತಿರಸ್ಕರಿಸಿ. ನಿಯಮಾವಳಿಯಲ್ಲೇ ಅದನ್ನು ಬರೆಯಿರಿ. ಸಾಕುಪ್ರಾಣಿಗಳನ್ನು ಬಹುಮತದಿಂದಲೂ ನಿಷೇಧಿಸುವಂತಿಲ್ಲವೆಂದು ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯೇ ಇದೆ. ಸ್ವಿಟ್ಜರ್ಲೆಂಡಿನ ಅಪೆನ್‌ಸೆಲ್ ಇನ್ನರ್‌ರೋಡನ್‌ನಲ್ಲಿ ಗಂಡಸರು ಬಯಲಲ್ಲಿ ಕೂಡಿ ಕೈ ಎತ್ತಿ ಹೆಂಗಸರಿಗೆ ಮತ ಬೇಡವೆಂದು ತೀರ್ಮಾನಿಸುತ್ತಲೇ ಬಂದರು, 1990ರಲ್ಲಿ ನ್ಯಾಯಾಲಯ ಮಧ್ಯೆ ಬರುವವರೆಗೆ. ಹಕ್ಕನ್ನು ಎಣಿಕೆಗೆ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಉದಾಹರಣೆ ಸಿಗದು.

ಫಲಿತಾಂಶದ ಮೇಲೆ

ಅದೇ ಸಂಜೆ ಬ್ಲಾಕುವಾರು ಅಂಕಿಗಳ ಹಾಳೆಗೆ ಎರಡೂ ಕಡೆಯವರ ಸಹಿ ಹಾಕಿಸಿ ಐದೂ ಲಾಬಿಯಲ್ಲಿ ಅಂಟಿಸಿ. ಮತಪತ್ರಗಳನ್ನು ಸೀಲ್ ಮಾಡಿ 90 ದಿನ ಇಡಿ. ಅದೇ ಪ್ರಶ್ನೆ ಮತ್ತೆ ಬರಲು 12 ತಿಂಗಳ ಅಂತರವಿರಲಿ, ಬೇರೆ ರೂಪದ ಪ್ರಸ್ತಾವಕ್ಕೆ ಈ ತಡೆ ಬೇಡ. ನಮ್ಮ ಮಾದರಿಯಲ್ಲಿ ಮೀಟರ್ ಸೋತದ್ದು ಸಿ ಬ್ಲಾಕಿನ 20 ಮತದ ಅಂತರದಿಂದ, 11 ಮನೆಯವರು ಈ ಕಡೆಯಿಂದ ಆ ಕಡೆಗೆ ಬಂದಿದ್ದರೆ ಬ್ಲಾಕ್‌ಗಳು 3ಕ್ಕೆ 2 ಆಗುತ್ತಿದ್ದವು. ಆ ಬ್ಲಾಕಿನವರ ತಕರಾರು ಮೀಟರಿನ ಮೇಲಲ್ಲ, ಎರಡನೇ, ಮೂರನೇ, ನಾಲ್ಕನೇ ಮೀಟರಿನ ಖರ್ಚಿನ ಮೇಲೆ. ಮನೆಗೆ ಮೊದಲ ಮೀಟರಿನ ಖರ್ಚು ಮಾಲೀಕರದ್ದು, ಉಳಿದವು ಕಾರ್ಪಸ್ ಫಂಡಿನಿಂದ ಎಂಬ ಹೊಸ ಪ್ರಸ್ತಾವದೊಂದಿಗೆ ಎ ಬ್ಲಾಕಿನವರೇ ಸಿ ಬ್ಲಾಕಿಗೆ ಹೋಗಿ ಮೊದಲ ಸಹಿ ಕೇಳಲಿ.